ಹಳೇ ಸ್ಟೋವ್ ತಗೋಬೇಕಂದ್ರ ಯಾವ್ದು? ಮನಿ ಪಂಪಿಂದೋ, ಸ್ವೀಡನ್‌ದ್ದೋ, ಪೆಟ್ರೋಲಿನ ಸಣ್ಣದೋ

ಈ ಸಲ ಮಳಿ ನಿಂತ ಕೂಡ್ಲೆ ಮೂರು ಮಂದಿ ನಂಗ ಒಂದ ಪ್ರಶ್ನೆ ಕೇಳ್ಯಾರ. ಹಳೇ ಕಾಲದ್ದು ಕ್ಯಾಂಪಿಂಗ್ ಸ್ಟೋವ್ ಬೇಕು, ಯಾವ್ದು ತಗೋಳೂನು? ಒಬ್ಬ ಪುಣೆ ಹತ್ರ ಹಿಂಜವಡಿಯೊಳಗ ಕೆಲಸ ಮಾಡೋ ಗದಗಿನ ಹುಡುಗ, ಕಿಸೆದಾಗ ಎರಡು ಸಾವಿರ ಅದ, ರಾಜಗಡ ಕೋಟಿ ಮ್ಯಾಲೆ ಚಹಾ ಮಾಡೋ ಆಸೆ. ಇನ್ನೊಬ್ಬ ಗೋವಾದ ಮಡಗಾಂವದಾಗಿರೋ ದೋಸ್ತ, ಅವಂಗ ಶೋಕೇಸಿನಾಗೂ ಇಡಬೇಕು, ಕಾರಿನಾಗ ಹಾಕ್ಕೊಂಡು ಸಮುದ್ರದ ದಂಡಿಗೂ ಒಯ್ಬೇಕು. ಮೂರನೇದವರು ಮುಂಬಯಿ ಮಾಟುಂಗಾದ ಒಬ್ರು ಕಾಕು, ಅವರದು ತಗೋಳೂ ಪ್ರಶ್ನೆ ಅಲ್ಲ, ಅವರ ಮಾವನವರು ಟ್ರೆಕ್ಕಿಂಗಿಗೆ ಒಯ್ತಿದ್ದ ಹಿತ್ತಾಳಿ ಸ್ಟೋವ್ ಮಾಳಾದ ಮ್ಯಾಲೆ ಕೂತದ, ಅದನ್ನ ರಿಪೇರಿ ಮಾಡಿಸ್ಲೋ, ಇಲ್ಲಾ ಭಂಗಾರದವಗ, ಅಂದ್ರ ಗುಜರಿಯವಗ, ಕೊಟ್ಟು ಆನ್‌ಲೈನಿನಾಗ ಥಳಥಳ ಅನ್ನೋದೊಂದು ತರಿಸ್ಲೋ ಅಂತ.

ನಾ ಧಾರವಾಡದಾಂವ, ಪುಣೆಕ್ಕ ಬಂದು ಹದಿನೇಳು ವರ್ಷ ಆತು, ಕೋಥ್ರೂಡಿನ ಎರಡು ಖೋಲಿ ಫ್ಲ್ಯಾಟಿನ ಬಾಲ್ಕನಿಯೊಳಗ ಒಟ್ಟು ಹನ್ನೊಂದು ಸ್ಟೋವ್ ಅವ, ಹೆಂಡ್ತಿ ಲೆಕ್ಕದಾಗ ಹತ್ತು ಹೆಚ್ಚಾಗ್ಯಾವ. ಅದರಾಗ ಐದು ತಪ್ಪು ಖರೀದಿ. ಆ ತಪ್ಪೆಲ್ಲಾ ಒಂದ ಕಾರಣಕ್ಕ ಆಗಿದ್ದು, ರೂಪ ನೋಡಿ ತಗೊಂಡೆ, ಹೊಟ್ಟಿಗೆ ಏನು ಹಾಕ್ಲಿ ಅಂತ ಆಮ್ಯಾಲೆ ಯೋಚನೆ ಮಾಡಿದೆ.

ಹಂಗಾಗಿ ಸ್ಟೋವಿನ ಹೆಸರು ಬಾಯಾಗ ತರೂಕಿಂತ ಮೊದಲು ಕೇಳ್ಕೋಬೇಕಾದ್ದು ಹೇಳ್ತೀನಿ. ಮೊದಲ್ನೇದು ಎಣ್ಣಿ: ಆ ಸ್ಟೋವ್ ಏನು ಕುಡೀತದ, ಅದು ನಿಮ್ಮ ಊರಾಗ ಸಿಗ್ತದೋ ಇಲ್ಲೋ. ಎರಡನೇದು ವಾಷರ್, ನಿಪ್ಪಲ್, ಪಿನ್ನು ಅಂತ ಸಣ್ಣ ಸಾಮಾನು ಸೈಕಲ್ ಹೊಡ್ಕೊಂಡು ಹೋಗಿ ತರೂವಷ್ಟು ಹತ್ರ ಸಿಗ್ತಾವೋ, ಇಲ್ಲಾ ಪರದೇಶದಿಂದ ಬರೂತನಕ ತಿಂಗಳುಗಟ್ಟಲೆ ದಾರಿ ಕಾಯಬೇಕೋ. ಮೂರನೇದು, ನೀವು ಅದನ್ನ ಹಚ್ಚಾವ್ರೋ ಇಡಾವ್ರೋ, ಖರೇ ಹೇಳ್ರಿ, ಇಡಾವ್ರಾದ್ರ ಇದರಾಗ ಅರ್ಧ ಮಾತು ನಿಮಗ ಸಂಬಂಧ ಇಲ್ಲ. ನಾಲ್ಕನೇದು ಬೆನ್ನ ಮ್ಯಾಲೆ ಹೊರ್ತೀರೋ ಡಿಕ್ಕಿಯೊಳಗ ಹಾಕ್ತೀರೋ. ರೊಕ್ಕದ ಮಾತು ಎಲ್ಲಾಕಿಂತ ಕಡಿಗೆ, ಯಾಕಂದ್ರ ಸೋವಿ ಸಿಕ್ತು ಅಂತ ತಂದ ಸ್ಟೋವಿಗೆ ಆಮ್ಯಾಲೆ ಸುರಿಯೂದ ಹೆಚ್ಚು.

ಎಣ್ಣಿ ವಿಷಯ ಇಲ್ಲೇ ಮುಗಿಸಿಬಿಡ್ತೀನಿ. ಸೀಮೆಎಣ್ಣಿಗೆ ನಾವು ಚಿಮಣಿ ಎಣ್ಣಿ ಅಂತೀವಿ, ಇಲ್ಲೆ ಪುಣೆದಾಗ ರಾಕೇಲ್ ಅಂತಾರ, ರೇಷನ್ ಅಂಗಡ್ಯಾಗಿನ ನೀಲಿ ಬಣ್ಣದ್ದು ಈಗ ಊರಾಗ ಕಾಣೂದ ಅಪರೂಪ. ಬಿಳಿ ಸೀಮೆಎಣ್ಣಿ ಹುಡುಕಿದ್ರ ಸಿಗ್ತದ, ತುಟ್ಟಿ, ಆದ್ರ ನಮ್ಮ ಹವ್ಯಾಸಕ್ಕ ತಿಂಗಳಿಗೆ ಒಂದು ಲೀಟರ್ ಸಾಕಾಗ್ತದ. ಪೆಟ್ರೋಲ್ ಮೂಲಿಗೊಂದು ಪಂಪಿನಾಗ ಸಿಗ್ತದ ಖರೆ, ಆದ್ರ ಹಳೇ ಪೆಟ್ರೋಲ್ ಸ್ಟೋವ್‌ಗಳು ಕೇಳೂದು ಗಾಡಿ ಪೆಟ್ರೋಲ್ ಅಲ್ಲ, ವೈಟ್ ಗ್ಯಾಸ್ ಅಂತ ಅಮೆರಿಕದವರು ಕರಿಯೋ ಶುದ್ಧ ನ್ಯಾಫ್ತಾ. ಅದು ಇಲ್ಲೆ ಕಿರಾಣಿ ಅಂಗಡಿ ಸಾಮಾನು ಅಲ್ಲ. ನಮ್ಮ ಪಂಪಿನಾಗ ಈಗ ಬರೂದು ಇ20, ನೂರಕ್ಕ ಇಪ್ಪತ್ತು ಪಾಲು ಎಥನಾಲ್, ಅದು ಗಾಳಿಯೊಳಗಿನ ನೀರು ಎಳ್ಕೋತದ, ಹಳೇ ರಬ್ಬರ್ ವಾಷರ್ ಅದರಾಗ ಉಬ್ಬಿ ಮೆತ್ತಗಾಗ್ತದ. ಇದನ್ನ ತಲ್ಯಾಗಿಟ್ಕೊಂಡು ಮುಂದ ಓದ್ರಿ.

ಈಗ ಮೊದಲ್ನೇ ಉಮೇದುವಾರ: ನಮ್ಮ ಮನ್ಯಾಗ ಇದ್ದ ಹಿತ್ತಾಳಿ ಪಂಪಿನ ಸ್ಟೋವ್. ಇದೇನು ಕ್ಯಾಂಪಿಂಗ್ ಸ್ಟೋವ್ ಅಂತ ನಗಬ್ಯಾಡ್ರಿ. ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಅನ್ನಾಂವ 1892ರೊಳಗ ಮಸಿ ಹಿಡಿಯದ ಸೀಮೆಎಣ್ಣಿ ಸ್ಟೋವ್ ಮಾಡಿ ಪ್ರೈಮಸ್ ಅಂತ ಹೆಸರಿಟ್ಟ, ಅಮುಂಡ್ಸನ್ 1911ರೊಳಗ ದಕ್ಷಿಣ ಧ್ರುವಕ್ಕ ಹೋದಾಗ ಒಯ್ದದ್ದು ಅದನ್ನ, ಮತ್ತ ನಮ್ಮಜ್ಜಿ ಅಡಗಿ ಮನ್ಯಾಗ ಝುಣಕಾ ತಿರುವಿದ್ದು ಅದರ ಮೊಮ್ಮಗನ ಮ್ಯಾಲೆ. ಒಳಗಿನ ಕರಾಮತ್ತು ಒಂದ. ಟ್ಯಾಂಕಿನಾಗ ಪಂಪಿಲೆ ಗಾಳಿ ತುಂಬ್ತೀರಿ, ಗಾಳಿ ಎಣ್ಣಿನ ಕೊಳವಿಯೊಳಗ ಮ್ಯಾಲೆ ದೂಡ್ತದ, ಎಣ್ಣಿ ಕಾದ ಬರ್ನರಿನಾಗ ಸುತ್ತಿ ಆವಿ ಆಗ್ತದ, ಆ ಆವಿ ನಿಪ್ಪಲ್‌ನ ಸೂಜಿ ಮೊನಿಯಷ್ಟು ತೂತಿನಿಂದ ಜೋರು ಹೊರಗ ಬಂದು ಗಾಳಿ ಜೋಡಿ ಕಲತು ನೀಲಿ ಉರಿ ಆಗ್ತದ. ಬರ್ನರ್ ಕಾಯೂಕಿಂತ ಮೊದ್ಲ ಪಂಪ್ ಹೊಡದ್ರಿ ಅಂದ್ರ ಎಣ್ಣಿ ಎಣ್ಣಿಯಾಗೇ ಚಿಮ್ಮಿ ಹಳದಿ ಉರಿ ಮಾರಿಗೆ ಬರ್ತದ. ಅದಕ್ಕ ಬರ್ನರ್ ಕೆಳಗಿನ ಬಟ್ಟಲದಾಗ ಸ್ಪಿರಿಟ್ ಹಾಕಿ ಹಚ್ಚಿ, ಅದು ಆರೂಕ್ಕ ಬಂದಾಗ ಪಂಪ್ ಹೊಡೀಬೇಕು. ಸ್ಪಿರಿಟ್ ಪೂರ್ತಿ ಉರಿಯೂತನಕ ಕಾಯೂ ತಾಳ್ಮಿ ಇಲ್ಲದವರು ಈ ನಾದಕ್ಕ ಬೀಳಬ್ಯಾಡ್ರಿ.

ಈ ಸ್ಟೋವಿನ ದೊಡ್ಡ ಗುಣ ಅಂದ್ರ ಸ್ಪೇರು. ಪುಣೆದ ಬೊಹ್ರಿ ಆಳಿಯೊಳಗ ಹಳೇ ಹಾರ್ಡ್‌ವೇರ್ ಅಂಗಡಿ ಇನ್ನೂ ಅವ, ಚರ್ಮದ ಪಂಪ್ ವಾಷರ್, ಪಿನ್ನು, ನಿಪ್ಪಲ್ ಅಂತ ಕೇಳಿದ್ರ ಮುದುಕಪ್ಪ ಒಬ್ಬಾಂವ ಡಬ್ಬಿ ತಗದು ಮುಂದ ಸುರೀತಾನ. ಮುಂಬಯಿಯೊಳಗ ಲೋಹಾರ್ ಚಾಳ ಕಡೆ ಹೋಗ್ರಿ. ಎಲ್ಲಾ ವಾಷರ್ ಬದಲು ಮಾಡಿದ್ರೂ ಎರಡು ಊಟದ ರೊಕ್ಕ ಆಗೂದಿಲ್ಲ. ದುರ್ಗುಣ ಅಂದ್ರ ಗಾತ್ರ. ಒಂದು ಲೀಟರ್ ಟ್ಯಾಂಕು, ಮೂರು ಕಾಲು, ಮ್ಯಾಲೆ ಬೀಡಿನ ರಿಂಗು, ಇದನ್ನ ಬೆನ್ನಿಗೆ ಹಾಕ್ಕೊಂಡು ತೋರಣಾ ಗಡ ಹತ್ತಿದಾಂವ ಮುಂದಿನ ಸಲ ಬಿಸ್ಕಿಟ್ ತಿಂದು ಇರ್ತಾನ. ಎಣ್ಣಿನೂ ಬ್ಯಾರೆ ಬಾಟಲಿಯೊಳಗ ಒಯ್ಬೇಕು, ಟ್ಯಾಂಕಿನಾಗ ಬಿಟ್ಟು ಬ್ಯಾಗಿನಾಗ ಹಾಕಿದ್ರ ಮಲಗೋ ಚೀಲಕ್ಕ ಜೀವಮಾನದ ವಾಸನಿ.

ಒಂದು ಫಜೀತಿ ಹೇಳ್ತೀನಿ. ಚರ್ಮದ ವಾಷರ್ ಒಣಗಿದ್ರ ಪಂಪ್ ಗಾಳಿ ಹಿಡಿಯೂದಿಲ್ಲ, ಎಣ್ಣಿ ಸವರಿ ಮೆತ್ತಗ ಮಾಡ್ಬೇಕು. ನಮ್ಮಾಕಿ ಉಡುಪಿ ಕಡೆಯಾಕಿ, ಮನ್ಯಾಗ ಕೊಬ್ರಿ ಎಣ್ಣಿ ಬಿಟ್ಟು ಬ್ಯಾರೆ ಎಣ್ಣಿ ಕೈಗೆ ಸಿಗೂದಿಲ್ಲ, ನಾನೂ ಅದನ್ನ ಸವರಿದೆ. ಡಿಸೆಂಬರಿನಾಗ ರಾಜಗಡದ ಪದ್ಮಾವತಿ ಮಾಚಿ ಮ್ಯಾಲೆ ಮುಂಜಾನೆ ಐದೂವರಿಗೆ ಎದ್ದು ಪಂಪ್ ಎಳದ್ರ ದಂಡ ಅರ್ಧಕ್ಕ ನಿಂತದ. ಬಿಚ್ಚಿ ನೋಡ್ತೀನಿ, ಕೊಬ್ರಿ ಎಣ್ಣಿ ತುಪ್ಪದಂಗ ಹೆಪ್ಪುಗಟ್ಟಿ ವಾಷರ್ ಕೊಳವಿಗೆ ಅಂಟಿ ಕೂತದ! ಇಪ್ಪತ್ನಾಲ್ಕು ಡಿಗ್ರಿ ಕೆಳಗ ಕೊಬ್ರಿ ಎಣ್ಣಿ ಗಟ್ಟಿ ಆಗ್ತದ ಅಂತ ಸಾಲ್ಯಾಗ ಯಾರೂ ಹೇಳಿರಲಿಲ್ಲೇನ, ಹೇಳಿರ್ತಾರ, ನಾ ಕಿಟಕಿ ಹೊರಗ ನೋಡ್ತಿದ್ದೆ. ಪಂಪ್ ಅರ್ಧ ತಾಸು ಬಗಲಾಗ ಇಟ್ಕೊಂಡು ಬೆಚ್ಚಗ ಮಾಡಿದ ಮ್ಯಾಲೆ ಚಹಾ ಆತು. ಈಗ ಔಡಲೆಣ್ಣಿ ಹಚ್ತೀನಿ, ಇಲ್ಲಾ ಹೊಲಿಗಿ ಮಶಿನ್ನಿನ ಎಣ್ಣಿ.

ಎರಡನೇದು ಸ್ವೀಡನ್ನಿನ ಖರೇ ಪ್ರೈಮಸ್, ರೇಡಿಯಸ್, ಆಪ್ಟಿಮಸ್. ಇವೂ ಸೀಮೆಎಣ್ಣಿದ, ಆದ್ರ ಇದರಾಗ ಕಾಲು ಬಿಚ್ಚಿ, ಬರ್ನರ್ ತಿರುವಿ ತಗದು, ಎಲ್ಲಾ ಒಂದು ತಗಡಿನ ಡಬ್ಬಿಯೊಳಗ ಮುಚ್ಚಿಡೋ ಸಣ್ಣ ಮಾಡೆಲ್ ಬರ್ತಾವ, ಆಪ್ಟಿಮಸ್ 00, ಪ್ರೈಮಸ್ 210 ಅಂತ. ಟ್ರೆಕ್ಕಿಗೆ ಅಂತ ಹುಟ್ಟಿದ್ದು ಇವ. ಹಿತ್ತಾಳಿ ದಪ್ಪ, ಬೆಸುಗಿ ಸ್ವಚ್ಛ, ತಿರುಪಿನ ಹಲ್ಲು ಐವತ್ತು ವರ್ಷ ಆದಮ್ಯಾಲೂ ಬೆಣ್ಣಿಯಂಗ ತಿರಗ್ತಾವ. ಪ್ರೈಮಸ್ಸಿನ ಮ್ಯಾಲೆ ಒತ್ತಿದ ಅಕ್ಷರ ಹುಡುಕ್ರಿ, 1911ಕ್ಕ ಎ ಅಂತ ಶುರು ಮಾಡಿ ವರ್ಷಕ್ಕೊಂದು ಅಕ್ಷರ ಒತ್ತಿಕೊಂಡು ಬಂದಾರ, ಅದರ ಮ್ಯಾಲಿಂದ ಸ್ಟೋವಿನ ವಯಸ್ಸು ತಿಳೀತದ. ಸಂಗ್ರಹ ಮಾಡೋ ಮಂದಿಗೆ ಇದ ದೊಡ್ಡ ರುಚಿ. ನನ್ನ ಹತ್ರ ಇರೋ ಒಂದು ನಮ್ಮಪ್ಪಗಿಂತ ಹಿರೇದು, ನಮ್ಮಪ್ಪಗ ಹೇಳಿದ್ರ "ಅದರ ಮಂಡಿ ಛಲೋ ಅವ, ನನ್ನವ ಹೋಗ್ಯಾವ" ಅಂದ್ರು.

ಇದರಾಗ ಬರ್ನರ್ ಎರಡು ಥರ. ಒಂದು ಗರ್ರ್ ಅಂತ ಒದರೂದು, ಉರಿ ಮ್ಯಾಲೆ ಒಂದು ತಟ್ಟಿ ಕೂತಿರ್ತದ, ಉರಿ ಅದಕ್ಕ ಬಡದು ಹರಡ್ತದ. ಇನ್ನೊಂದು ಸೈಲೆಂಟ್, ತೂತು ತೂತಿನ ಟೊಪ್ಪಿಗಿ, ಸಣ್ಣ ಸಣ್ಣ ನೀಲಿ ಉರಿ. ಮನ್ಯಾಗ ತೋರಸೂಕ್ಕ ಸೈಲೆಂಟ್ ಛಲೋ, ಕೋಟಿ ಮ್ಯಾಲಿನ ಗಾಳಿಗೆ ಒದರೂದ ಛಲೋ, ಗಾಳಿಗೆ ಜಗ್ಗೂದಿಲ್ಲ, ಭಾಗನೂ ಕಡಿಮಿ. ಹರಿಶ್ಚಂದ್ರಗಡದ ಕೊಂಕಣ ಕಡಾ ಕಡೆ ಬೀಸೂ ಗಾಳಿ ನೋಡೀರಲ್ಲ, ಅಲ್ಲೆ ಸೈಲೆಂಟ್ ಬರ್ನರ್ ಖರೇನ ಸೈಲೆಂಟ್ ಆಗ್ತದ.

ತೊಂದರಿ ಏನಂದ್ರ ಬೆಲಿ, ಮತ್ತ ಸ್ಪೇರು. ಪಂಪ್ ವಾಷರ್ ನಮ್ಮ ಊರಾಗ ಸಿಗೂದನ್ನ ಕತ್ತರಿಸಿ ಕೂಡಸಬಹುದು, ಬರ್ನರ್ ಕೆಳಗಿನ ಸೀಸದ ವಾಷರೂ ಕಷ್ಟ ಅಲ್ಲ, ಆದ್ರ ನಿಪ್ಪಲ್‌ನ ಹಲ್ಲಿನ ಅಳತಿ ಕಂಪನಿಗೊಂದು ಇರಬಹುದು, ಬೊಹ್ರಿ ಆಳಿಯಾಗಿಂದು ಕೂಡ್ತದ ಅಂತ ಜೋರಿಲೆ ತಿರುವಿದ್ರಿ ಅಂದ್ರ ಬರ್ನರಿನ ಹಲ್ಲು ಹೋಗ್ತಾವ. ಹಳೇದನ್ನ ಜೋಡಿ ಒಯ್ದು ಹೊಂದಸ್ಕೊಂಡು ತರ್ರಿ. ಟ್ಯಾಂಕಿನ ಜೋಡಣಿ ಬಿಟ್ಟಿದ್ರ ಕಸಬಾ ಪೇಠದ ತಾಂಬಟ ಆಳಿಗೆ ಹೋಗ್ರಿ, ತಾಮ್ರ ಬಡಿಯೋ ತಾಂಬಟ ಮಂದಿ ತಲೆಮಾರಿನಿಂದ ಅಲ್ಲೇ ಅದಾರ, ಬೆಸುಗಿ ಕೈ ಭಾರೀ ಛಲೋ. ಆದ್ರ ಒತ್ತಡ ಹಿಡಿಯೋ ಪಾತ್ರೆ ಇದು, ತಂಬಿಗಿ ಅಲ್ಲ ಅಂತ ಮೊದ್ಲ ಬಿಡಿಸಿ ಹೇಳ್ರಿ.

ಮೂರನೇದು ಎಲ್ಲಾರ ಕಣ್ಣಿಗೆ ಬೀಳೂದು, ಪೆಟ್ರೋಲಿನ ಸಣ್ಣ ಸ್ಟೋವ್: ಸ್ವೀಯಾ 123, ಆಪ್ಟಿಮಸ್ 8ಆರ್. ಸ್ವೀಯಾ 1955ರಿಂದ ಬಂದದ್ದು, ಹಿತ್ತಾಳಿ, ಅಂಗೈಯೊಳಗ ಹಿಡಿಯೂವಷ್ಟು, ಅರ್ಧ ಕಿಲೋಕಿಂತ ಸ್ವಲ್ಪ ಹೆಚ್ಚು, ಮುಚ್ಚಳ ತಗದ್ರ ಅದ ಚಹಾ ಪಾತ್ರೆ, ಸರಪಳಿಗೆ ಒಂದು ಕೀಲಿ. 8ಆರ್ ಅಂದ್ರ ನೀಲಿ ಕಬ್ಬಿಣದ ಡಬ್ಬಿ, ಪುಸ್ತಕದಂಗ ತಗದ್ರ ಒಳಗ ಸ್ಟೋವ್. ಎರಡಕ್ಕೂ ಪಂಪ್ ಇಲ್ಲ. ಟ್ಯಾಂಕ್ ಬಿಸಿ ಆದ್ರ ಒಳಗ ತಾನ ಒತ್ತಡ ಹುಟ್ತದ, ಅದರ ಮ್ಯಾಲೆ ನಡೀತದ. ಚೆಂದ ಅಂದ್ರ ಚೆಂದ. ನಾ ಸ್ವೀಯಾ ಮೊದಲ ಸಲ ಹಚ್ಚಿದ ದಿನ ಕೆಳಗಿನ ಮನಿ ಆಜೋಬಾ ಮ್ಯಾಲೆ ಬಂದು "ಯಾವ ವಿಮಾನ ಅದು" ಅಂತ ಕೇಳಿದ್ರು, ಅಷ್ಟು ಸಪ್ಪಳ.

ಆದ್ರ ಇದನ್ನ ಮೊದಲ ಸ್ಟೋವ್ ಅಂತ ನಾ ಯಾರಿಗೂ ಹೇಳೂದಿಲ್ಲ. ಇದು ಪೆಟ್ರೋಲ್ ಜಾತಿ, ಸೀಮೆಎಣ್ಣಿ ಹಾಕಿದ್ರ ನಡಿಯೂದಿಲ್ಲ. ಪೆಟ್ರೋಲ್ ಪಂಪಿನ ಇ20 ಹಾಕಿದ್ರ ನಡೀತದ, ಆದ್ರ ಒಳಗಿನ ಬತ್ತಿ, ನಿಪ್ಪಲ್ ಎಲ್ಲಾ ಗಾಡಿ ಪೆಟ್ರೋಲಿನ ಕಸದಿಂದ ಕಟ್ಕೋತಾವ, ಟ್ಯಾಂಕಿನ ಮುಚ್ಚಳದ ವಾಷರ್ ಹಾಳಾಗ್ತದ. ಆ ಮುಚ್ಚಳದಾಗನ ಜೀವ ಉಳಸೋ ಸೇಫ್ಟಿ ವಾಲ್ವ್ ಇರ್ತದ. ಟ್ಯಾಂಕ್ ಹದ್ದು ಮೀರಿ ಕಾದ್ರ ಅದು ಬಾಯಿ ತಗದು ಆವಿ ಹೊರಗ ಬಿಡ್ತದ, ಬಿಟ್ಟ ಆವಿಗೆ ಉರಿ ತಾಗಿದ್ರ ಅಡ್ಡಕ್ಕ ಒಂದು ಗಜ ಬೆಂಕಿ. ಗಾಳಿ ಬರ್ತದಂತ ಸುತ್ತಲೂ ಕಲ್ಲು ಇಟ್ಟು, ದೊಡ್ಡ ಪಾತೇಲಿ ಹೇರಿ, ಟ್ಯಾಂಕಿಗೆ ಉಸಿರಾಡೂಕ್ಕ ಬಿಡದವರಿಗೆ ಹಿಂಗ ಆಗ್ತದ. ಸ್ಪ್ರಿಂಗು ಐವತ್ತು ವರ್ಷ ಹಳೇದು, ಯಾವಾಗ ತಗೀತದೋ, ತಗೀತದೋ ಇಲ್ಲೋ, ಅದಕ್ಕ ಗೊತ್ತು. ಹೊಸಾ ಮುಚ್ಚಳ, ಹೊಸಾ ವಾಷರ್ ಪರದೇಶದಿಂದ ತರಿಸಿ ಹಾಕೂತನಕ ನಾ ಅದನ್ನ ಶೋಕೇಸಿನಾಗಿಂದ ತಗೀಲಿಲ್ಲ. ಹಿಮಾಲಯಕ್ಕ ಹೋಗಾವ್ರು, ಒಬ್ರ ಇಬ್ರ ನಡಿಯಾವ್ರು, ಎಣ್ಣಿ ವ್ಯವಸ್ಥಾ ಇದ್ದವರು, ಕೈ ಪಳಗಿದವರು, ಇವರಿಗೆ ಇದಕ್ಕಿಂತ ಮುದ್ದಾದ್ದು ಇಲ್ಲ.

ಮತ್ತ ಇದರ ಉಲ್ಟಾನೂ ಹೇಳಿಬಿಡ್ತೀನಿ, ಸೀಮೆಎಣ್ಣಿ ಸ್ಟೋವಿಗೆ ಪೆಟ್ರೋಲ್ ಯಾವತ್ತೂ ಹಾಕಬ್ಯಾಡ್ರಿ. ಹಳೇ ಪಂಪಿನ ಸ್ಟೋವಿಗೆ ಬಂದ್ ಮಾಡೋ ವಾಲ್ವ್ ಇರೂದಿಲ್ಲ, ಗಾಳಿ ತಿರುಪು ಬಿಟ್ಟು ಆರಸಬೇಕು. ಪೆಟ್ರೋಲ್ ಹಾಕಿ ಆ ತಿರುಪು ಬಿಟ್ರಿ ಅಂದ್ರ ಹೊರಗ ಬರೂದು ಬರೀ ಗಾಳಿ ಅಲ್ಲ.

ಕೋಲ್‌ಮನ್ನಿನ ಹಸಿರು ಸೂಟ್‌ಕೇಸ್ ಸ್ಟೋವ್ ಬಗ್ಗೆ ಎರಡು ಮಾತು. ಅಮೆರಿಕದ ಕಾನ್ಸಸ್ ರಾಜ್ಯದ ವಿಚಿಟಾದಾಗ ಬೆಳದ ಕಂಪನಿ, ಪೆಟ್ಟಿಗಿ ತಗದ್ರ ಎರಡು ಒಲಿ, ಮುಂದ ಕೆಂಪು ಟ್ಯಾಂಕು. ಪವನಾ ಕೆರಿ ದಂಡ್ಯಾಗ ಕಾರು ನಿಲ್ಲಿಸಿ ನಾಲ್ಕು ಮಂದಿಗೆ ಉಪ್ಪಿಟ್ಟು ಮಾಡೂಕ್ಕ ಹೇಳಿ ಮಾಡಿಸಿದಂಗ ಅದ, ಬೆನ್ನ ಮ್ಯಾಲೆ ಸಾಧ್ಯ ಇಲ್ಲ. ಇದೂ ನ್ಯಾಫ್ತಾ ಜಾತಿ, ಉರಿಯೊಳಗ ಹಾಯ್ದು ಹೋಗೋ ಜನರೇಟರ್ ಅನ್ನೋ ಕೊಳವಿ ಗಾಡಿ ಪೆಟ್ರೋಲಿಗೆ ಬೇಗ ಕಟ್ಕೋತದ. ಎರಡನೇ ಮಹಾಯುದ್ಧದಾಗ ಸಿಪಾಯಿಗಳಿಗೆ ಅಂತ ಮಾಡಿದ ಇದ ಕಂಪನಿಯ ಕಿಸೆ ಸ್ಟೋವೂ ಒಮ್ಮೊಮ್ಮೆ ಮುಂಬಯಿ ಚೋರ್ ಬಜಾರಿನಾಗ ಕಾಣ್ತದ, ಕಂಡ್ರ ಇಡೂಕ್ಕಂತ ತಗೋರಿ.

ಸ್ಪಿರಿಟ್ ಸ್ಟೋವ್, ಟ್ರಾಂಜಿಯಾ ಕಂಪನಿದಂಥಾದ್ದು, ಇದು ಎಲ್ಲಾಕಿಂತ ಸರಳ. ಒಂದು ಹಿತ್ತಾಳಿ ಬಟ್ಟಲ, ಪಂಪ್ ಇಲ್ಲ, ನಿಪ್ಪಲ್ ಇಲ್ಲ, ಒಡಿಯೂದು ಏನೂ ಇಲ್ಲ, ಸಪ್ಪಳನೂ ಇಲ್ಲ. ರಿಪೇರಿ ಅಂದ್ರ ಮುಚ್ಚಳದ ರಬ್ಬರ್ ರಿಂಗು ಅಷ್ಟ. ಉರಿ ಸಣ್ಣದು, ಇಬ್ಬರಿಗೆ ಚಹಾ ಆಗೂದ್ರಾಗ ಅರ್ಧ ಗಡ ನೋಡ್ಕೊಂಡು ಬರಬಹುದು, ಮತ್ತ ಹಗಲಿನಾಗ ಉರಿ ಕಣ್ಣಿಗೆ ಕಾಣೂದಿಲ್ಲ, ಆರ್ಯದ ಅಂತ ಮ್ಯಾಲೆ ಸ್ಪಿರಿಟ್ ಸುರಿದು ಕೈ ಸುಟ್ಕೊಂಡವರು ಅದಾರ. ತಣ್ಣಗಾಗೂತನಕ ಮತ್ತ ಹಾಕಬ್ಯಾಡ್ರಿ. ಫ್ರಾನ್ಸಿನ ಹಳೇ ನೀಲಿ ಗ್ಯಾಸ್ ಸ್ಟೋವ್, ಡಬ್ಬಿಗೆ ಚುಚ್ಚಿ ಹಾಕೂ ಥರದ್ದು, ಅದನ್ನ ಬಿಟ್ಟುಬಿಡ್ರಿ. ಇಲ್ಲಿ ಟ್ರೆಕ್ಕಿಂಗ್ ಅಂಗಡ್ಯಾಗ ಸಿಗೂದು ತಿರುಪಿನ ಡಬ್ಬಿ, ಅದು ಇದಕ್ಕ ಕೂಡೂದಿಲ್ಲ, ಹೊಂದಸೂಕ್ಕ ಹೋಗಿ ಏನರ ಜುಗಾಡ ಮಾಡಬ್ಯಾಡ್ರಿ.

ಇನ್ನ ನೋಡಿ ತಗೋಳೂ ಕಲಾ. ಪುಣೆದ ಜೂನಾ ಬಜಾರ್ ಬುಧವಾರ, ರವಿವಾರ ಕೂಡ್ತದ, ಗೋವಾದಾಗ ಮ್ಹಾಪಸಾ ಸಂತಿ ಶುಕ್ರವಾರ, ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನ ಅಂಗಡಿ ಶುಕ್ರವಾರ ಬಂದ್ ಇರ್ತಾವ, ಅವತ್ತ ರಸ್ತೆ ಮ್ಯಾಲಿನ ಸಂತಿ. ಹೋಗಬೇಕಾದ್ರ ಕಿಸೆದಾಗ ಒಂದು ಸಣ್ಣ ಅಯಸ್ಕಾಂತ ಇಟ್ಕೋರಿ. ಹಿತ್ತಾಳಿಗೆ ಅದು ಅಂಟೂದಿಲ್ಲ, ಅಂಟಿದ್ರ ಮ್ಯಾಲಷ್ಟ ಹಿತ್ತಾಳಿ ಬಣ್ಣ, ಒಳಗ ಕಬ್ಬಿಣ. ನನಗ ಒಬ್ಬಾಂವ "ಬ್ರಿಟಿಷ್ ಹಡಗಿಂದು ಸಾಹೇಬ್ರ" ಅಂತ ಕೊಟ್ಟದ್ದು ಅಂಥಾದ್ದ, ಹಡಗು ಅದಾವ ಊರಿಂದೋ.

ಆಮ್ಯಾಲೆ ಉಲ್ಟಾ ಮಾಡಿ ತಳ ನೋಡ್ರಿ. ತಳ ಹೊರಗ ಉಬ್ಬಿದ್ರ ಯಾವಾಗೋ ಹದ್ದು ಮೀರಿ ಒತ್ತಡ ಬಿದ್ದದ ಅಂತ ಅರ್ಥ, ಎಷ್ಟ ಚೆಂದ ಇರಲಿ ಹಚ್ಚಬ್ಯಾಡ್ರಿ. ಬರ್ನರ್ ಬಡದ್ರ ಟಣ್ ಅನ್ಬೇಕು, ಥಪ್ ಅಂದ್ರ ಬಿರುಕು ಇರಬಹುದು. ಪಂಪಿನ ಬುಡದಾಗಿನ ವಾಲ್ವ್ ಹೋಗಿದ್ರ ಎಣ್ಣಿ ಪಂಪ್ ಕೊಳವಿಯೊಳಗ ಬರ್ತದ, ದಂಡ ತಾನ ಮ್ಯಾಲೆ ಏಳ್ತದ, ಇದು ಸರಿ ಆಗೂವಂಥಾ ರೋಗ, ಹೆದರಬ್ಯಾಡ್ರಿ, ಬೆಲಿ ಇಳಸೂಕ್ಕ ಉಪಯೋಗ ಮಾಡ್ಕೋರಿ. ಮನಿಗೆ ತಂದಮ್ಯಾಲೆ ಎಣ್ಣಿ ಹಾಕೂಕಿಂತ ಮೊದಲು ನಿಪ್ಪಲ್ ಜಾಗ ಬಂದ್ ಮಾಡಿ, ನಾಲ್ಕೈದು ಸಲ ಪಂಪ್ ಹೊಡದು, ಬಕೀಟಿನ ನೀರಾಗ ಮುಳಗಿಸ್ರಿ. ಗುಳ್ಳಿ ಎಲ್ಲಿಂದ ಬರ್ತದ ಅಲ್ಲೆ ತೂತು. ಸೈಕಲ್ ಪಂಚರ್ ನೋಡಿದಂಗ, ಅಷ್ಟ. ಗುಳ್ಳಿ ವಾಷರಿನಿಂದ ಬಂದ್ರ ಬದಲು ಮಾಡ್ರಿ, ಟ್ಯಾಂಕಿನ ಮೈಯಾಗಿಂದ ಬಂದ್ರ ಅದು ಶೋಕೇಸಿಗೆ.

ಪಾಲಿಶ್ ಮಾಡ್ಬೇಕೋ ಬ್ಯಾಡೋ ಅನ್ನೋದ್ರ ಮ್ಯಾಲೆ ಜಗಳ ಆಗೂದ ಹೆಚ್ಚು. ಎಪ್ಪತ್ತು ವರ್ಷದ ಕಂದು ಬಣ್ಣ ಒಮ್ಮೆ ತಿಕ್ಕಿ ತಗದ್ರ ನಿಮ್ಮ ಜೀವಮಾನದಾಗ ವಾಪಸ್ ಬರೂದಿಲ್ಲ, ಮಾರೂ ಯೋಚನೆ ಇದ್ದವರಂತೂ ಮುಟ್ಟಬ್ಯಾಡ್ರಿ, ನಾ ಹಚ್ಚೂ ಸ್ಟೋವ್ ತಿಕ್ತೀನಿ, ಇಡೂ ಸ್ಟೋವ್ ಸಾಬೂನು ನೀರಾಗ ತೊಳದು ಬಿಡ್ತೀನಿ. ಹುಣಸಿಹಣ್ಣು ಹಚ್ಚಿ ರಾತ್ರಿ ಎಲ್ಲಾ ಬಿಡಬ್ಯಾಡ್ರಿ, ಹುಳಿ ಹಿತ್ತಾಳಿಯೊಳಗಿನ ಸತು ಎಳ್ಕೊಂಡು ಮೈ ಗುಲಾಬಿ ಬಣ್ಣಕ್ಕ ತಿರಗ್ತದ, ಎರಡು ನಿಮಿಷ ತಿಕ್ಕಿ ಛಲೋ ತೊಳೀರಿ. ಅಮೋನಿಯಾ ಇರೋ ಪಾಲಿಶ್ ಅಂತೂ ಟ್ಯಾಂಕಿಗೆ ಬ್ಯಾಡೇ ಬ್ಯಾಡ. ಇದಕ್ಕ ನಮ್ಮ ದೇಶದ್ದ ಒಂದು ಕತಿ ಅದ. ಬ್ರಿಟಿಷರ ಕಾಲಕ್ಕ ಸೈನ್ಯದವರು ಹಿತ್ತಾಳಿ ಕಾಡತೂಸು ಕುದುರಿ ಲಾಯದಾಗ ಇಡ್ತಿದ್ರು, ಮಳಗಾಲ ಬಂತಂದ್ರ ಅವು ತಾವ ಬಿರುಕು ಬಿಡ್ತಿದ್ವು. ಯಾಕಂತ 1921ರೊಳಗ ಬಗೆಹರೀತು, ಕುದುರಿ ಉಚ್ಚಿಯೊಳಗಿನ ಅಮೋನಿಯಾ, ಥಂಡಿ ಹವಾ, ಮತ್ತ ಒತ್ತಿ ರೂಪ ಕೊಟ್ಟ ಹಿತ್ತಾಳಿಯೊಳಗ ಉಳದ ಬಿಗಿ, ಮೂರೂ ಕೂಡಿ ಅದನ್ನ ಸೀಳ್ತಿದ್ವು. ನಮ್ಮ ಸ್ಟೋವಿನ ಟ್ಯಾಂಕೂ ಒತ್ತಿ ಮಾಡಿದ ಹಿತ್ತಾಳಿನ, ನಮ್ಮ ಮಳಗಾಲನೂ ಅದ ಮಳಗಾಲ. ನಾ ಪೀತಾಂಬರಿ ಪುಡಿ ಹಚ್ಚಿ, ತೊಳದು, ಬಿಸಿಲಾಗ ಒಣಗಸ್ತೀನಿ.

ಮಳಗಾಲದ ಮಾತು ಬಂತಂತ ಹೇಳ್ತೀನಿ, ಮಡಗಾಂವದ ದೋಸ್ತಗ 8ಆರ್ ಬ್ಯಾಡ ಅಂದೆ, ಅಂವ ಅದರ ನೀಲಿ ಡಬ್ಬಿಗೆ ಮನಸು ಕೊಟ್ಟು ಕೂತಿದ್ದ. ಸಮುದ್ರದ ಉಪ್ಪು ಗಾಳಿಗೆ ಕಬ್ಬಿಣದ ಡಬ್ಬಿ ಎರಡು ಮಳಗಾಲ ತಡದ್ರ ಹೆಚ್ಚು. ಗೋವಾದಾಗ ಇರಾವ್ರು ಪೂರ್ತಿ ಹಿತ್ತಾಳಿದ್ದ ತಗೋರಿ. ಅವಂಗ ಎಂಟ್ಹತ್ತು ಸಾವಿರ ಖರ್ಚು ಮಾಡೂ ತಾಕತ್ತು ಅದ, ಸ್ವೀಡನ್ನಿನ ಬಿಚ್ಚಿ ಮಡಚೋ ಸೀಮೆಎಣ್ಣಿ ಸ್ಟೋವ್ ತಗೋ ಅಂದೆ, ಶೋಕೇಸಿನಾಗ ಚೆಂದ ಕಾಣ್ತದ, ದಂಡಿ ಗಾಳಿಗೂ ಉರೀತದ. ಎಣ್ಣಿ ಪುಣೆದಿಂದ ತರ್ತೀಯೇನು ರೈಲಿನಾಗ ಅಂದ. ಸೀಮೆಎಣ್ಣಿ, ಗ್ಯಾಸು ರೈಲಿನಾಗ ಒಯ್ಯೂದು ಅಪರಾಧ, ವಿಮಾನದಾಗಂತೂ ವಾಸನಿ ಬರೋ ಖಾಲಿ ಸ್ಟೋವಿಗೂ ತಕರಾರು ತಗೀತಾರ. ನೀನ ಹುಡುಕ್ಕೋ ಅಂದೆ.

ಹಿಂಜವಡಿ ಹುಡುಗನ ಎರಡು ಸಾವಿರಕ್ಕ ಲೆಕ್ಕ ಹಿಂಗ. ಜೂನಾ ಬಜಾರಿನಾಗ ನಮ್ಮ ದೇಶದ ಹಿತ್ತಾಳಿ ಪಂಪಿನ ಸ್ಟೋವ್, ಚೌಕಾಶಿ ಮಾಡಿದ್ರ ಸಾವಿರದ ಆಸುಪಾಸು, ನಾ ಕಡೀಕ ತಂದದ್ದು 850ಕ್ಕ. ವಾಷರ್ ನಿಪ್ಪಲ್ ಪಿನ್ನು ಇನ್ನೂರು ಮುನ್ನೂರು. ಉಳದದ್ದು ಎಣ್ಣಿಗೆ. ಮೊದಲ ಆರು ತಿಂಗಳು ಅದರ ಮ್ಯಾಲೆ ಕೈ ಪಳಗಿಸ್ಲಿ, ಬಾಗಲಾ ತಗದ ಬಾಲ್ಕನಿಯೊಳಗ, ಹತ್ರ ಒಂದು ಹಸಿ ಗೋಣಿಚೀಲ ಇಟ್ಕೊಂಡು. ಟೆಂಟಿನ ಒಳಗ ಯಾವ ಸ್ಟೋವೂ ಹಚ್ಚಬಾರ್ದು, ಬೆಂಕಿಕಿಂತ ಹೆಚ್ಚು ಅಂಜಿಕಿ ಕಾರ್ಬನ್ ಮೊನಾಕ್ಸೈಡಿಂದು, ಅದಕ್ಕ ವಾಸನಿ ಇಲ್ಲ. ಅಂವಗ ಖರೇ ಹಗುರಂದು ಬೇಕಂದ್ರ, ಗಡದ ಮ್ಯಾಲೆ ಚಹಾ ಅಷ್ಟ ಮುಖ್ಯ ಅಂದ್ರ, ಹೊಸಾ ತಿರುಪಿನ ಗ್ಯಾಸ್ ಸ್ಟೋವ್ ತಗೋ ಅಂತ ಹೇಳೂಕ್ಕ ನನಗ ನಾಚಿಕಿ ಇಲ್ಲ. ಅದರ ಡಬ್ಬಿಯೊಳಗಿನ ಬ್ಯೂಟೇನ್ ಗ್ಯಾಸ್ ಸೊನ್ನಿ ಡಿಗ್ರಿ ಹತ್ರ ಆವಿ ಆಗೂದು ಬಿಡ್ತದ ಅಂತ ಹಿಮದ ಮಂದಿ ಬೈತಾರ, ನಮ್ಮ ಸಹ್ಯಾದ್ರಿಯೊಳಗ ಆ ಥಂಡಿ ಎಲ್ಲದ.

ಸ್ಟೋವ್ ಜೋಡಿ ಲಾಟೀನು ಹುಚ್ಚೂ ಹತ್ತೂದು ಗ್ಯಾರಂಟಿ, ಅದಕ್ಕ ಒಂದ ಮಾತು: ಹಳೇ ಪೆಟ್ರೋಮ್ಯಾಕ್ಸ್ ಜೋಡಿ ಹಳೇ ಮ್ಯಾಂಟಲ್ (ಒಳಗ ಬೆಳಕು ಕೊಡೋ ಬಲಿಯಂಥಾ ಅರಿವಿ ಚೀಲ) ಸಿಕ್ರ ಹಚ್ಚಬ್ಯಾಡ್ರಿ, ಅವುಗಳೊಳಗ ವಿಕಿರಣ ಸೂಸೋ ಥೋರಿಯಂ ಇರ್ತಿತ್ತು, ಉರದ ಬೂದಿ ಮೂಗಿಗೆ ಹೋಗಬಾರ್ದು. ಹೊಸಾ ಮ್ಯಾಂಟಲ್ ಹಾಕ್ರಿ.

ಕಾಕು ಫೋಟೋ ಕಳಿಸಿದ್ರು. ಮಾಳಾದ ಧೂಳಿನಾಗ ಕೂತ ಸ್ಟೋವ್, ಬಟ್ಟಲದಾಗ ಸತ್ತ ಜೊಂಡಿಗ್ಯಾ, ಟ್ಯಾಂಕಿನ ಮ್ಯಾಲೆ ಪ್ರೈಮಸ್ ಅಂತ ಒತ್ತಿದ ಅಕ್ಷರ ಅರ್ಧ ಕಾಣ್ತಾವ. ತಳ ಸಪಾಟ ಅದ. "ಕಾಕು, ಭಂಗಾರದವಗ ಫೋನ್ ಮಾಡಬ್ಯಾಡ್ರಿ, ಏನೂ ತಿಕ್ಕಲೂಬ್ಯಾಡ್ರಿ" ಅಂದೆ. "ತಮ್ಮಾ, ಅದರ ಪಂಪ್ ಎಳದ್ರ ಬರೂದ ಇಲ್ಲ, ನಿಮ್ಮ ಕಾಕಾ ಕೊಬ್ರಿ ಎಣ್ಣಿ ಹಾಕಿ ನೋಡ್ಯಾರ" ಅಂದ್ರು. ಬರೂ ರವಿವಾರ ಔಡಲೆಣ್ಣಿ ಬಾಟಲಿ ತಗೊಂಡು ಮಾಟುಂಗಾಕ್ಕ ಹೊಂಟೀನಿ.